ಮಾನಪತ್ರದ ಮಸಿ

ಧಾರವಾಡದ ಆ ಕಾಲೇಜಿನ ರಸಾಯನಶಾಸ್ತ್ರ ವಿಭಾಗದೊಳಗೆ ಕಾಲಿಟ್ಟರೆ ಎದುರಿಗೇ ಪ್ರೊಫೆಸರ್ ಬಾಳಕೃಷ್ಣಪಂತರ ಫೋಟೋ. ಜರಿ ರುಮಾಲು, ಮುಚ್ಚು ಕಾಲರಿನ ಕೋಟು, ಎದೆಯ ಮೇಲೆ ಸರಕಾರ ಕೊಟ್ಟ ಬಿಲ್ಲೆ. ಪಕ್ಕದ ಹಲಗೆಯ ಮೇಲೆ ಅವರಿಗೆ ಬಂದ ಅನುದಾನ, ಬಹುಮಾನ, ಬಿರುದು ಎಲ್ಲ ಒಂದೂ ಬಿಡದೆ ಬರೆಸಿದ್ದಾರೆ. ಜಾಗ ಸಾಲದೆ ಕೊನೆಯ ಸಾಲು ಚೌಕಟ್ಟಿನ ಕಟ್ಟಿಗೆಯ ಮೇಲೆ ಹತ್ತಿ ಕೂತಿದೆ. ಆ ಅನುದಾನದ ಕೆಲಸ ಮಾಡಿದವನ ಹೆಸರು ಎಲ್ಲೂ ಇಲ್ಲ. ಆ ಬಿರುದಿನ ಸಲುವಾಗಿ ಜೈಲಿನಲ್ಲಿ ಕೂತವನ ಹೆಸರಂತೂ ಕೇಳಲೇಬೇಡಿ. ಆ ಹಲಗೆ ಕಂಡಾಗಲೆಲ್ಲ ಒಂದು ಹಿಡಿ ಸಗಣಿ ತಂದು ಒಗೆಯಬೇಕು ಅನಿಸುತ್ತದೆ. ಒಗೆದರೆ ತೊಳೆಯಲು ಬರುವವನು ಬಡ ಸಿಪಾಯಿ. ಅದಕ್ಕೆ ಬರೆಯುತ್ತಿದ್ದೇನೆ.

ಕೆಲಸ ಮಾಡಿದವರು ಯಜ್ಞೇಶ್ವರ ಮಾಸ್ತರರು. ಅವರ ತಂದೆ ಕಲೆಕ್ಟರ ಕಚೇರಿಯಲ್ಲಿ ನಕಲು ಬರೆಯುವ ಕಾರಕೂನ. ಮಗನಿಗೆ ಕೊಟ್ಟ ಆಸ್ತಿ ಅಂದರೆ ಮುತ್ತು ಪೋಣಿಸಿದಂಥ ಅಕ್ಷರ, ಅಷ್ಟೇ. ಮುಂಬಯಿಯಲ್ಲಿ ವಾರಾನ್ನ ಉಂಡು ಎಂ.ಎಸ್ಸಿ. ಮಾಡಿ ಬಂದು, ಇಪ್ಪತ್ತೆಂಟನೇ ಇಸವಿಯಲ್ಲಿ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದರು. ಅಂದರೆ ಪ್ರೊಫೆಸರು ಪಾಠ ಹೇಳುವಾಗ ಪಕ್ಕಕ್ಕೆ ನಿಂತು ಬಾಟಲಿ ಎತ್ತಿಕೊಡುವವರು, ಹುಡುಗರು ಒಡೆದ ಗಾಜು ಆರಿಸುವವರು. ಹದಿನೈದು ವರ್ಷ ಅವರು ಅದೇ ಆಗಿ ಉಳಿದರು. ತೆಳ್ಳಗೆ, ಸ್ವಲ್ಪ ಗೂನು. ಬೆರಳು ಸದಾ ಕಂದು. ಜಗಳ ಅಂದರೆ ಓಣಿ ಬದಲಿಸಿ ಹೋಗುವ ಆಸಾಮಿ. ನಾವು ಪೇಟೆಯಲ್ಲಿ ವಿದೇಶಿ ಬಟ್ಟೆ ಸುಟ್ಟಾಗಲೂ ಅವರು ಕೊಡೆ ಅಡ್ಡ ಹಿಡಿದು ಸರಸರ ನಡೆದು ಹೋದದ್ದನ್ನು ನಾನೇ ಕಂಡಿದ್ದೇನೆ. ಚಳವಳಿಯ ಮನುಷ್ಯ ಅಲ್ಲವೇ ಅಲ್ಲ.

ಅವರಿಗೆ ಇದ್ದ ಒಂದೇ ಹುಚ್ಚು ಅಳಲೆಕಾಯಿ. ಅದಕ್ಕೆ ಕಾರಣ ಅವರ ಹೆಂಡತಿ ಅಂಬಾಬಾಯಿ. ಆಗ ನಮ್ಮ ಕಡೆ ಬರೆಯುವ ಮಸಿ ಮನೆಯಲ್ಲೇ ಆಗುತ್ತಿತ್ತು. ಅಳಲೆಕಾಯಿ ಜಜ್ಜಿ, ಕುದಿಸಿ, ಸೋಸಿ, ಅದಕ್ಕೆ ಅನ್ನಭೇದಿ ಅನ್ನುವ ಹಸಿರು ಕಬ್ಬಿಣದ ಉಪ್ಪು ಹಾಕಿದರೆ ಕಣ್ಣೆದುರಿಗೇ ಕರ್ರಗಾಗುತ್ತದೆ. ಸಾಲಿ ಮಾಸ್ತರರ ಮನೆ, ಕುಲಕರ್ಣಿಯ ಮನೆ, ಅಂಗಡಿಕಾರರ ಮನೆ, ಎಲ್ಲ ಕಡೆ ಇದೇ. ಧಾರವಾಡದ ಹತ್ತಿರದ ಗರಗದ ನೇಕಾರರು ನೂಲಿಗೆ ಕರಿ ಬಣ್ಣ ಕಟ್ಟುವುದೂ ಇದರಿಂದಲೇ. ಹೆಂಡತಿ ಒಲೆಯ ಮುಂದೆ ಮಸಿ ಕಾಸುವುದನ್ನು ನೋಡುತ್ತ ಕೂತ ಮಾಸ್ತರರಿಗೆ, ಈ ಕಾಯಿಯ ಒಗರಿನಲ್ಲಿ ಏನೇನಿದೆ, ಅದನ್ನು ಕೆಡದಂತೆ ಹೊರಗೆ ತೆಗೆಯುವುದು ಹೇಗೆ ಅನ್ನುವ ಪ್ರಶ್ನೆ ಹತ್ತಿತು. ಹತ್ತಿದ್ದು ಬಿಡಲಿಲ್ಲ. ಹಳಿಯಾಳದ ಕಾಡಿನಿಂದ ಚೀಲಗಟ್ಟಲೆ ಕಾಯಿ ತರಿಸಿ ವರ್ಷಗಟ್ಟಲೆ ಕುದಿಸಿದರು.

ಅಷ್ಟರಲ್ಲಿ ಯುದ್ಧ ಶುರುವಾಯಿತು. ಸಿಪಾಯಿಗಳಿಗೆ ಬೂಟು ಬೇಕು, ಬೂಟಿಗೆ ತೊಗಲು ಬೇಕು, ತೊಗಲು ಹದ ಮಾಡಲು ಅಳಲೆಕಾಯಿಯ ಒಗರು ಬೇಕು. ಬಾಳಕೃಷ್ಣಪಂತರಿಗೆ ಮೂಗು ಚುರುಕು. ಮಾಸ್ತರರ ಕೆಲಸವನ್ನೆಲ್ಲ ತಮ್ಮ ಹೆಸರಿನಲ್ಲಿ ಬರೆದು ಕಳಿಸಿದರು, ದಿಲ್ಲಿಯಿಂದ ಸಂಶೋಧನಾ ಅನುದಾನ ಬಂತು. ಹೊಸ ತಕ್ಕಡಿ ಬಂತು, ಗಾಜಿನ ಸಾಮಾನು ಬಂತು, ಪಂತರಿಗೆ ಮುಂಬಯಿ ವಿದ್ಯಾಪೀಠದ ಸಮಿತಿಯಲ್ಲಿ ಕುರ್ಚಿ ಬಂತು. ಪ್ರಬಂಧ ಅಚ್ಚಾದಾಗ ಮಾಸ್ತರರ ಹೆಸರು ಕಟ್ಟಕಡೆಗೆ, ನೀರು ತುಂಬಿದ ಸಿಪಾಯಿಯ ಹೆಸರಿನ ಸಾಲಿನಲ್ಲೇ, ‘ಸಹಾಯಕ್ಕಾಗಿ ಆಭಾರಿ’ ಅಂತ ಇತ್ತು.

ಅಂಬಾಬಾಯಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೂ ಗಂಡ ಬೆರಳಿಟ್ಟು ತೋರಿಸಿದ ಜಾಗ ನೋಡಿ, “ಇಷ್ಟ ಕೆಳಗ ಯಾಕ ಕೂಡಿಸ್ಯಾರ ನಿಮ್ಮನ್ನ? ಪಂಕ್ತಿ ತುಂಬಿತ್ತೇನು?” ಅಂದರಂತೆ.

“ಕೆಲಸ ನಡದದಲ್ಲ, ಸಾಕು. ಅನುದಾನ ಬರದಿದ್ರ ತಕ್ಕಡಿ ಎಲ್ಲಿ ಬರ್ತಿತ್ತು?” ಅಂದರು ಮಾಸ್ತರರು. ಇಂಥ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಆದರೆ ಆ ಮನುಷ್ಯ ಇದ್ದದ್ದೇ ಹಾಗೆ.

ನಲವತ್ತೆರಡರ ಆಗಸ್ಟಿನಲ್ಲಿ ದೇಶಕ್ಕೆ ಬೆಂಕಿ ಬಿತ್ತು. ಗರಗದ ಚಾವಡಿಯ ಗೋಡೆಗೂ ಧಾರವಾಡದ ಕಚೇರಿಗಳ ಬಾಗಿಲಿಗೂ ಕೈಬರಹದ ಭಿತ್ತಿಪತ್ರ ಅಂಟಿಕೊಂಡವು. ‘ಯುದ್ಧಕ್ಕೆ ಒಂದು ಕಾಳು ಕೊಡಬೇಡಿರಿ, ಒಂದು ಆಳು ಕೊಡಬೇಡಿರಿ’ ಅಂತ. ಅವು ಯಾರ ಮನೆಯ ಮಸಿಯವು ಅಂತ ನನ್ನನ್ನು ಕೇಳಬೇಡಿ. ಕೈಗೆ ಸಿಕ್ಕ ಮಸಿಯಲ್ಲಿ ಬರೆದದ್ದು, ಬರೆದವರಿಗೂ ಗೊತ್ತಿಲ್ಲ. ಬರೆದವರು ಪೊಲೀಸರಿಗೆ ಸಿಗಲಿಲ್ಲ. ಯಾರನ್ನಾದರೂ ಹಿಡಿಯಲೇಬೇಕಲ್ಲ? ಗರಗದಲ್ಲಿ ಖಾದಿ ನೂಲಿಗೆ ಬಣ್ಣ ಕಟ್ಟುವ ಫಕೀರಪ್ಪನ ಮನೆಗೆ ಹೊಕ್ಕರು. ಹಿತ್ತಲಲ್ಲಿ ಕರಿ ಬಣ್ಣದ ದೊಡ್ಡ ಗಡಿಗಿ ಕಂಡಿತು. ಒಂದು ಬಾಟಲಿಗೆ ಬಣ್ಣ ತುಂಬಿಕೊಂಡು, ಗಡಿಗಿ ಒದ್ದು ಒಡೆದು, ಫಕೀರಪ್ಪನ ಕೈ ಕಟ್ಟಿ ಒಯ್ದರು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಬಾರದಿದ್ದರೇನು, ಬರೆಯುವವರಿಗೆ ಮಸಿ ಕೊಟ್ಟಿದ್ದಾನೆ, ರಾಜದ್ರೋಹದಲ್ಲಿ ಪಾಲುದಾರ ಅಂದರು.

ಭಿತ್ತಿಪತ್ರ, ಬಾಟಲಿ ಎರಡೂ ಕಾಲೇಜಿಗೆ ಬಂದವು. ಎರಡೂ ಒಂದೇ ಮಸಿ ಅಂತ ಸರ್ಟಿಫಿಕೇಟು ಬೇಕು. ಕಲೆಕ್ಟರ ಸಾಹೇಬ ಪಂತರನ್ನು ಬಂಗಲೆಗೆ ಚಹಾಕ್ಕೆ ಕರೆದಿದ್ದ. ಅನುದಾನದ ಅವಧಿ ಮುಗಿಯುತ್ತ ಬಂದಿದೆ, ಹೊಸ ವರ್ಷಕ್ಕೆ ಬಿರುದುಗಳ ಶಿಫಾರಸು ಹೋಗುತ್ತದೆ, ಎರಡೂ ಮಾತು ಚಹಾದ ಜೊತೆಗೇ ಬಂದಿದ್ದವು. ಪಂತರೇ ನಗುನಗುತ್ತ ಪ್ರಯೋಗಶಾಲೆಯಲ್ಲಿ ಹೇಳಿಕೊಂಡರು. ನಾಚಿಕೆ ಇಲ್ಲದವರಿಗೆ ಗುಟ್ಟೂ ಇರುವುದಿಲ್ಲ.

ಪರೀಕ್ಷೆ ಮಾಡಿದ್ದು ಮಾಸ್ತರರು. ಮಾಡಿ, ಒಂದು ಚೀಟಿಯಲ್ಲಿ ಬರೆದಿಟ್ಟರು: ಎರಡರಲ್ಲೂ ಕಬ್ಬಿಣ ಇದೆ, ಅಳಲೆಯ ಒಗರು ಇದೆ. ಇದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ.

ಪಂತರು ಚೀಟಿ ಓದಿ, “ಏನೋ ಇದು ಯಜ್ಞೇಶ್ವರ, ಅರ್ಧಕ್ಕ ಬಿಟ್ಟೀಯಲ್ಲ? ಒಂದೇ ಗಡಿಗೀದು ಅಂತ ಬರಿ, ಸಹಿ ಮಾಡು,” ಅಂದರು.

“ಒಂದೇ ಗಡಿಗೀದು ಅನ್ಲಿಕ್ಕೆ ಬರೂದಿಲ್ಲ ಸರ್. ಎರಡು ಮನಿ ಸಾರಿನ್ಯಾಗ ಬ್ಯಾಳಿ ಸಿಕ್ತು ಅಂದ್ರ ಒಂದೇ ಒಲೀ ಮ್ಯಾಲಿನ ಸಾರು ಅಂತ ಹ್ಯಾಂಗ ಅನ್ನೂದು?”

“ನಿನ್ನ ಸಾರು ಸುಡ್ಲಿ! ಅನುದಾನ ನಿಂತ್ರ ನಿನ್ನ ತಕ್ಕಡಿ ಬಂದ್, ನಿನ್ನ ಕಾಯಿ ಬಂದ್. ತಿಳೀತದೋ ಇಲ್ಲೋ?”

“ತಿಳೀತದ ಸರ್.”

“ಹಂಗಾರ ಮಾಡು ಸಹಿ.”

“ತಾವು ಪ್ರೊಫೆಸರು. ತಾವೇ ಮಾಡ್ರಿ. ನನ್ನ ಕೈಲೆ ಆಗೂದಿಲ್ಲ.”

ಇಡೀ ಜನ್ಮದಲ್ಲಿ ಅವರು ಮೇಲಿನವರಿಗೆ ಆಡಿದ ಮೊದಲ ‘ಇಲ್ಲ’ ಅದು. ಪಂತರು ತಾವೇ ಸಹಿ ಮಾಡಿದರು. ‘ನಿಸ್ಸಂದೇಹವಾಗಿ ಆರೋಪಿಯ ಗಡಿಗೆಯದೇ’ ಅಂತ ಒಂದು ಮಾತು ಹೆಚ್ಚಿಗೇ ಸೇರಿಸಿದರು. ಫಕೀರಪ್ಪನಿಗೆ ಜಾಮೀನು ಇಲ್ಲ ಅಂತಾಯಿತು.

ಫಕೀರಪ್ಪನ ಪರವಾಗಿ ನಿಂತವರು ನಮ್ಮ ಶಾಂತಯ್ಯ ವಕೀಲರು. ಚಲೋ ಮನುಷ್ಯ, ಬಾಯಿ ಜೋರು. ಅವರು ಮಾಸ್ತರರ ಮನೆಗೆ ಹೋಗಿ, “ಎರಡೂ ಬ್ಯಾರೆ ಬ್ಯಾರೆ ಮಸಿ ಅಂತ ಒಂದು ಸಾಲು ಬರದು ಕೊಡ್ರಿ, ಮುಗೀತು,” ಅಂದರು.

“ಅದೂ ಬರೂದಿಲ್ಲ ವಕೀಲರ. ಬ್ಯಾರೆ ಅಂತ ಹೇಳ್ಲಿಕ್ಕೂ ನನ್ನ ಕಡೆ ಆಧಾರ ಇಲ್ಲ.”

“ಅವ್ರು ಸುಳ್ಳು ಬರೀತಾರ, ನೀವು ಖರೇನೂ ಬರಿಯೂದಿಲ್ಲ. ನಿಮ್ಮಂಥವರ್ನ ಕಟಗೊಂಡು ನಾವು ಸ್ವರಾಜ್ಯ ತರಬೇಕು!” ಅಂತ ಶಾಂತಯ್ಯನವರು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು. ಆ ಹೊತ್ತಿಗೆ ನಮಗೆಲ್ಲ ಮಾಸ್ತರರ ಮೇಲೂ ಅಷ್ಟೇ ಸಿಟ್ಟು ಬಂದಿತ್ತು.

ಆಮೇಲೆ ಫಕೀರಪ್ಪನ ಹೆಂಡತಿ ರತ್ನವ್ವ ಬಂದಳು. ನೂಲಿನ ಗಂಟು ಬಗಲಲ್ಲಿಟ್ಟುಕೊಂಡು ಗರಗದಿಂದ ನಡೆದೇ ಬಂದಿದ್ದಳು. ಅಂಬಾಬಾಯಿ ಮಡಿಯವರು, ಕಟ್ಟೆಯ ಮೇಲೆ ಕೂಡಿಸಿ, ನೀರನ್ನು ಮೇಲಿನಿಂದ ಹೊಯ್ದರು. ಇದನ್ನೂ ಬರೆಯಲೇಬೇಕು, ಒಳ್ಳೆಯವರ ಮನೆಯಲ್ಲೂ ಆ ಹೊಲಸು ಇತ್ತು.

“ಮಾಸ್ತರ್ರ, ನಮ್ಮ ಗಡಿಗಿ ಮಸಿ ಊರಾಗ ಯಾರ ಮನ್ಯಾಗಿಲ್ಲ ಹೇಳ್ರಿ?” ಅಂದಳು ರತ್ನವ್ವ. “ಸಾಲಿ ಹುಡುಗ್ರು ಒಯ್ತಾವು. ಕುಲಕರ್ಣ್ಯಾರು ಚರಿಗಿ ಹಿಡ್ಕೊಂಡು ಬಂದು ಒಯ್ತಾರ, ಒಂದು ದುಡ್ಡೂ ಕೊಡಾಂಗಿಲ್ಲ. ಫಕೀರಪ್ಪನ್ನ ಹಿಡೀರಿ ಅಂತ ಅವ್ರು ಕಳಿಸಿದ ಅರ್ಜೀನೂ ನಮ್ಮ ಗಡಿಗ್ಯಾಗಿಂದ ಬರದದ್ದ ಐತಿ. ಹಿಡಿಯೂದಾದ್ರ ಅವ್ರನ್ನೂ ಹಿಡೀಲಿ, ಇಬ್ಬರೂ ಕೂಡಿ ಬೀಸ್ಲಿ ಜೈಲಿನ್ಯಾಗ!”

ಮಾಸ್ತರರು ತಲೆ ಎತ್ತಲಿಲ್ಲ. “ನಾ ಸಣ್ಣವ ರತ್ನವ್ವಾ. ಬಾಟ್ಲಿ ಎತ್ತಿಕೊಡಾಂವ.”

“ನಮ್ಮಾಂವ ಏನು ದೊಡ್ಡಾಂವ ಏನ್ರಿ? ಸಣ್ಣಾಂವ ಅಂತ ಅವ್ರು ಬಿಟ್ರ?” ಅಂದು ಆಕೆ ಗಂಟು ಎತ್ತಿಕೊಂಡು ಹೋದಳು.

ಹೊಸ ವರ್ಷದ ಬಿರುದುಗಳಲ್ಲಿ ಬಾಳಕೃಷ್ಣಪಂತರು ರಾವ್ ಸಾಹೇಬರಾದರು. ವಿಜ್ಞಾನದ ಸೇವೆಗಾಗಿ ಅಂತ. ಅನುದಾನವೂ ಮುಂದುವರಿಯಿತು. ಊರು ಜೈಲಿನಲ್ಲಿರುವಾಗ ಊರಿನ ದೊಡ್ಡವರು ಸತ್ಕಾರ ಸಮಿತಿ ಮಾಡಿದರು. ನಮ್ಮಲ್ಲಿ ಸತ್ಕಾರ ಅಂದರೆ ಹಾರ, ಶಾಲು, ಫಲ ತಾಂಬೂಲ, ಕೊನೆಗೆ ಮಾನಪತ್ರ. ಕೈಕಾಗದದ ಮೇಲೆ ಚಂದ ಅಕ್ಷರದಲ್ಲಿ ಬರೆಸಿ, ಸಭೆಯಲ್ಲಿ ಓದಿ, ಬೆಳ್ಳಿ ಕರಂಡಕದಲ್ಲಿಟ್ಟು ಕೊಡಬೇಕು. ವಿಭಾಗದ ಕಿರಿಯನು ಹಿರಿಯನಿಗೆ ಬರೆದುಕೊಡುವುದು ಕಾಲೇಜಿನ ವಾಡಿಕೆ. ಅದರಲ್ಲೂ ಯಜ್ಞೇಶ್ವರ ಮಾಸ್ತರರ ಅಕ್ಷರ! ಸಮಿತಿಯವರು ಬರೆಯಬೇಕಾದ ಮಜಕೂರು ತಂದುಕೊಟ್ಟರು. ಈ ಮನುಷ್ಯ ಬರೆಯಲು ಕೂತರು. ಆಗುವುದಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಯುದ್ಧದಿಂದಾಗಿ ಪೇಟೆಯಲ್ಲಿ ಬಾಟಲಿ ಮಸಿ ಸಿಗುತ್ತಿರಲಿಲ್ಲ. ಅಂಬಾಬಾಯಿಯೇ ಕಾಸಿಕೊಟ್ಟರು. ‘ಸತ್ಯದ ಕಠಿಣ ಉಪಾಸಕರಾದ ತಾವು’ ಅನ್ನುವಲ್ಲಿಗೆ ಬಂದಾಗ ಮಾಸ್ತರರ ಕೈ ನಿಂತಿತು. ನಿಂತ ಲೇಖನಿಯ ಟಾಕಿನಿಂದ ಒಂದು ದಪ್ಪ ಹನಿ ಕಾಗದದ ಮೇಲೆ ಬಿತ್ತು.

ಅಂಬಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಮಸಿಗೆ ನಾಚಿಕಿ ಬಂತು ನೋಡ್ರಿ. ನಿಮಗ ಯಾವಾಗ ಬರ್ತದ?”

ಮಾಸ್ತರರು ಆ ಕಾಗದ ಬದಿಗಿಟ್ಟರು. ಇನ್ನೊಂದು ಕಾಗದ ತೆಗೆದು ಮೊದಲಿನಿಂದ ಬರೆದು ಮುಗಿಸಿದರು. ಅದು ಬೆಳ್ಳಿ ಕರಂಡಕಕ್ಕೆ ಹೋಯಿತು, ಸಭೆಯಲ್ಲಿ ಚಪ್ಪಾಳೆ ಬಿದ್ದವು, ರಾವ್ ಸಾಹೇಬರು ವಿಜ್ಞಾನಿಗೆ ಪಕ್ಷಪಾತ ಇರಬಾರದು ಅಂತ ಭಾಷಣ ಮಾಡಿದರು. ಮಾಸ್ತರರು ಮುಂದಿನ ಸಾಲಿನಲ್ಲೇ ಕೂತು ಕೇಳಿ, ಮನೆಗೆ ಬಂದು ಕೋಟು ಕಳಚಿದರು. ಹನಿ ಬಿದ್ದು ಕೆಟ್ಟ ಕಾಗದ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ನೋಡುತ್ತ ಕೂತವರು ಒಮ್ಮೆಗೇ ಎದ್ದು, ಕೋಟು ಮತ್ತೆ ತೊಟ್ಟು, ಕಾಗದ ಸುರುಳಿ ಸುತ್ತಿಕೊಂಡು ಶಾಂತಯ್ಯನವರ ಮನೆಯ ಕದ ಬಡಿದರು.

“ಏನ್ರಿ, ಈಗ ಮಾನಪತ್ರ ತಂದೀರಲ್ಲ, ನನಗೂ ಸತ್ಕಾರ ಮಾಡವ್ರೇನು?” ಅಂದರು ವಕೀಲರು.

“ರಾವ್ ಸಾಹೇಬರು ಕೋರ್ಟಿಗೆ ಸಾಕ್ಷಿ ಹೇಳ್ಲಿಕ್ಕೆ ಬಂದಾಗ ಇದನ್ನ ಅವರ ಕೈಲೇ ಪರೀಕ್ಷಾ ಮಾಡಸ್ರಿ. ಬರಹ ಕಾಣಧಂಗ ಮಡಚಿ, ಮಸಿ ಹನಿ ಅಷ್ಟ ಮುಂದ ಮಾಡ್ರಿ.”

ಶಾಂತಯ್ಯನವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ತೊಡೆ ತಟ್ಟಿ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಯಾರು ಬರದದ್ದು ಅಂತ ಕೇಳೇ ಕೇಳ್ತಾರ್ರಿ ಮಾಸ್ತರ. ನಿಮ್ಮ ನೌಕರಿ?” ಅಂದರು.

“ಕೇಳ್ಲಿ.”

ಮಾರ್ಚಿನಲ್ಲಿ ಕೇಸು ವಿಚಾರಣೆಗೆ ನಿಂತಿತು. ರಾವ್ ಸಾಹೇಬರು ಸಾಕ್ಷಿ ಕಟ್ಟೆ ಹತ್ತಿದರು, ಬಿಲ್ಲೆ ಸಮೇತ. ಬಾಟಲಿಗಳ ಪೆಟ್ಟಿಗೆ ಹೊತ್ತುಕೊಂಡು ಪಕ್ಕಕ್ಕೆ ಬಂದು ನಿಂತವರು ಯಾರು ಅಂತೀರಿ? ಡೆಮಾನ್‌ಸ್ಟ್ರೇಟರನ ಕೆಲಸವೇ ಅದು. ನಾವು ಕೆಲವರು ಹಿಂದಿನ ಬಾಕಿನಲ್ಲಿ ಕೂತಿದ್ದೆವು. ಫಕೀರಪ್ಪ ಕಟಕಟೆಯಲ್ಲಿ ಒಣಗಿ ಕಡ್ಡಿಯಾಗಿ ನಿಂತಿದ್ದ.

ಶಾಂತಯ್ಯನವರು ಬಹಳ ಮರ್ಯಾದೆಯಿಂದ ಶುರು ಮಾಡಿದರು. “ರಾವ್ ಸಾಹೇಬ್ರ, ತಮ್ಮ ಪರೀಕ್ಷಾದಾಗ ತಪ್ಪು ಆಗೂದುಂಟೇನ್ರಿ?”

“ಸಾಧ್ಯನ ಇಲ್ಲ.”

“ಹಂಗಾರ ಈ ಕಾಗದದ ಮ್ಯಾಲ ಒಂದು ಮಸಿ ಹನಿ ಅದ. ಇಲ್ಲೇ ಮ್ಯಾಜಿಸ್ಟ್ರೇಟ ಸಾಹೇಬ್ರ ಮುಂದ ನೋಡಿ ಹೇಳ್ರಿ.”

ಮಾಸ್ತರರು ಒಂದೊಂದೇ ಬಾಟಲಿ ಎತ್ತಿಕೊಟ್ಟರು, ಹದಿನೈದು ವರ್ಷ ಕೊಟ್ಟ ಹಾಗೆಯೇ. ರಾವ್ ಸಾಹೇಬರು ಹನಿಯ ಒಂದು ಅಂಚಿಗೆ ಒಂದು ದ್ರವ ಬಿಟ್ಟರು, ಕರಿ ಹೋಗಿ ಬೆಳ್ಳಗಾಯಿತು. ಇನ್ನೊಂದು ಅಂಚಿಗೆ ಮತ್ತೊಂದು ಬಿಟ್ಟರು, ಕಬ್ಬಿಣದ ಗುರುತಾದ ಗಾಢ ನೀಲಿ ಎದ್ದಿತು.

“ಇದೂ ಅದೇ ಮಸಿ,” ಅಂದರು.

“ಯಾರ ಗಡಿಗೀದು?”

“ಆರೋಪಿ ಗಡಿಗೀದು. ಸಂಶಯ ಇಲ್ಲ.”

“ಅಂದ್ರ ಇದನ್ನ ಬರದವ್ರೂ ಫಕೀರಪ್ಪನ ಕೂಡ ರಾಜದ್ರೋಹದಾಗ ಪಾಲುದಾರರು?”

“ಅಲ್ಲದ ಮತ್ತೇನು!”

ಶಾಂತಯ್ಯನವರು ಕಾಗದದ ಮಡಿಕೆ ಬಿಚ್ಚಿದರು. ಗಂಟಲು ಸರಿ ಮಾಡಿಕೊಂಡು, ಸಭೆಯಲ್ಲಿ ಓದಿದ ಧಾಟಿಯಲ್ಲೇ ಓದಿದರು. “ಶ್ರೀಮಾನ್ ರಾವ್ ಸಾಹೇಬ ಬಾಳಕೃಷ್ಣಪಂತರ ಸನ್ನಿಧಿಗೆ ಧಾರವಾಡದ ನಾಗರಿಕರು ಅರ್ಪಿಸುವ ಮಾನಪತ್ರ. ಸತ್ಯದ ಕಠಿಣ ಉಪಾಸಕರಾದ ತಾವು...” ಮುಂದೆ ಬರಹ ಇರಲಿಲ್ಲ, ಇದ್ದಿದ್ದರೂ ಕೇಳಿಸುತ್ತಿರಲಿಲ್ಲ. ಕೋರ್ಟು ಹಾಗೆ ನಕ್ಕದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಪೊಲೀಸ ಪೇದೆ ಸಹಿತ ಮೀಸೆಯೊಳಗೆ ನಕ್ಕ.

ಮ್ಯಾಜಿಸ್ಟ್ರೇಟ ಮೇಜು ಕುಟ್ಟಿ, “ಇದನ್ನ ಬರದವ್ರು ಯಾರು?” ಅಂದ.

ಪೆಟ್ಟಿಗೆಯ ಹಿಂದಿನಿಂದ ಮಾಸ್ತರರು ಮುಂದೆ ಬಂದರು. ಕಂದು ಬೆರಳು ಧೋತರಕ್ಕೆ ಒರೆಸಿಕೊಂಡರು. “ನಾನ್ರಿ ಸಾಹೇಬ್ರ. ಮಸಿ ನನ್ನ ಹೆಂಡತಿ ಕಾಸಿದ್ದು. ಗರಗದ್ದಲ್ಲ. ಪೊಲೀಸ್ರು ತಂದ ಬಾಟ್ಲೀನೂ ನಾನೇ ನೋಡೇನಿ. ಅದರಾಗ ಕಬ್ಬಿಣ, ಒಗರು ಬಿಟ್ರ ಮತ್ತೇನೂ ತಿಳಿಯೂದಿಲ್ಲ. ಯಾವ ಮನೀದು ಅನ್ನೂದನ್ನ ಯಾವ ರಸಾಯನಶಾಸ್ತ್ರಜ್ಞನೂ ಹೇಳ್ಲಿಕ್ಕೆ ಬರೂದಿಲ್ಲ. ಹೇಳಿದ್ರ ಅದು ಸುಳ್ಳು.”

ರಾವ್ ಸಾಹೇಬರು ಅವರನ್ನು ನೋಡಿದ ನೋಟಕ್ಕೆ ಆ ಪೆಟ್ಟಿಗೆಯಲ್ಲಿನ ಆಮ್ಲ ಸಪ್ಪೆ.

ಸರ್ಟಿಫಿಕೇಟು ಬಿದ್ದುಹೋಯಿತು. ಸರಕಾರದ ಕಡೆ ಬೇರೆ ಪುರಾವೆ ಇರಲಿಲ್ಲ. ಫಕೀರಪ್ಪನನ್ನು ನಿರ್ದೋಷಿ ಅಂತ ಬಿಟ್ಟರು. ರತ್ನವ್ವ ಕೋರ್ಟಿನ ಮೆಟ್ಟಿಲ ಮೇಲೆ ಗಂಡನ ಕೈ ಹಿಡಿದಳು. ಹಿಡಿದು ಗೇಟಿನ ತನಕ ಬಂದರು, ಅಷ್ಟೇ. ಗೇಟಿನಲ್ಲಿ ಫೌಜದಾರ ಕಾಯುತ್ತಿದ್ದ. ಭಾರತ ರಕ್ಷಣಾ ಕಾನೂನಿನ ಕೆಳಗೆ ಅವನನ್ನು ಮತ್ತೆ ಹಿಡಿದ. ಆ ಕಾನೂನಿಗೆ ಮಸಿ ಬೇಡ, ಪರೀಕ್ಷೆ ಬೇಡ, ಸಾಕ್ಷಿ ಬೇಡ, ಮ್ಯಾಜಿಸ್ಟ್ರೇಟನೂ ಬೇಡ.

“ಈಗರ ಬಿಟ್ಟಾರಲ್ರಿ ಯಪ್ಪಾ! ಇನ್ನೂ ಬಾಗಲಾ ದಾಟಿಲ್ಲ!” ಅಂತ ರತ್ನವ್ವ ಚೀರಿದಳು. ಫೌಜದಾರ ಕೇಳದವನಂತೆ ನಡೆದ. ಮಾಸ್ತರರು ಬಾಟಲಿ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಅಲ್ಲೇ ನಿಂತಿದ್ದರು. ನಾವು ಕೋರ್ಟಿನಲ್ಲಿ ನಕ್ಕ ನಗು ಬಾಯಲ್ಲಿ ಕಹಿಯಾಗಿತ್ತು.

ಮುಂದಿನದು ಲಗೂ ಹೇಳಿ ಮುಗಿಸುತ್ತೇನೆ. ಅಪ್ಪಣೆ ಇಲ್ಲದೆ ಕೋರ್ಟಿನಲ್ಲಿ ಬಾಯಿ ಬಿಟ್ಟದ್ದಕ್ಕೆ ಮಾಸ್ತರರನ್ನು ಕಾಲೇಜಿನಿಂದ ತೆಗೆದರು. ಅವರ ಅಳಲೆಕಾಯಿಯ ಕೆಲಸವನ್ನು ಇನ್ನೊಬ್ಬ ಹುಡುಗನ ಕೈಯಲ್ಲಿ ಮಾಡಿಸಿ ರಾವ್ ಸಾಹೇಬರು ಇನ್ನೂ ಒಂದು ಅನುದಾನ ತಂದರು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಅವರನ್ನು ಯಾರೂ ಏನೂ ಕೇಳಲಿಲ್ಲ. ವಿಜ್ಞಾನದಲ್ಲಿ ಅಭಿಪ್ರಾಯಭೇದ ಇರುತ್ತದೆ ಅಂತ ಸಮಿತಿಯವರು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಮಾಸ್ತರರು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಕಲಿಸಲು ಸೇರಿ, ದಿನಾ ರೈಲಿನಲ್ಲಿ ಓಡಾಡಿದರು. ಅಲ್ಲಿ ಪ್ರಯೋಗಶಾಲೆ ಅಂದರೆ ಒಂದು ಕಪಾಟು. ಅಳಲೆಕಾಯಿಯ ಮಾತನ್ನು ಅವರು ಮತ್ತೆ ತೆಗೆಯಲಿಲ್ಲ.

ಫಕೀರಪ್ಪ ನಲವತ್ತನಾಲ್ಕರಲ್ಲಿ ಹೊರಗೆ ಬಂದ. ಕೆಮ್ಮು ಹೊತ್ತುಕೊಂಡು ಬಂದ. ಹೊಗೆಯ ಮುಂದೆ ಕೂಡಲು ಆಗುತ್ತಿರಲಿಲ್ಲ, ಬಣ್ಣ ಕಾಸುವವನು ಹೊಗೆ ತಡೆಯದಿದ್ದರೆ ಏನು ಮಾಡಬೇಕು? ರತ್ನವ್ವ ಹೊಸ ಗಡಿಗಿ ತಂದು ತಾನೇ ಕಾಸಿದಳು. ಸ್ವರಾಜ್ಯ ಬರುವ ಹಿಂದಿನ ವರ್ಷ ಅವನು ಸತ್ತ. ಮಣ್ಣಿಗೆ ಮಾಸ್ತರರು ಹೋಗಿದ್ದರು. ಕಾಲೇಜಿನವರು ಯಾರೂ ಬರಲಿಲ್ಲ. ಯಾಕೆ ಬರಬೇಕು?

ನಲವತ್ತೆಂಟರಲ್ಲಿ ಬಾಳಕೃಷ್ಣಪಂತರು ನಿವೃತ್ತರಾದರು. ರಾವ್ ಸಾಹೇಬ ಅನ್ನುವುದು ಆಗ ಬಾಯಲ್ಲಿ ಬರಬಾರದ ಮಾತಾಗಿತ್ತು. ರುಮಾಲು ಹೋಗಿ ಬಿಳಿ ಟೊಪ್ಪಿಗೆ ಬಂದಿತ್ತು. ಮೊದಲಿನ ದೊಡ್ಡವರೇ ಮತ್ತೆ ಸತ್ಕಾರ ಸಮಿತಿ ಮಾಡಿದರು. ಈ ಸಲ ‘ದೇಶದ ಅಳಲೆಕಾಯಿಗೆ ಮಾನ ತಂದ ಸ್ವದೇಶಿ ವಿಜ್ಞಾನಿ’ ಅಂತ. ನಾನು ಆ ದಿನ ಮಾಸ್ತರರ ಮನೆಯಲ್ಲೇ ಇದ್ದೆ. ಸಮಿತಿಯ ಇಬ್ಬರು ಬಂದು, ಕೂತು, ಅಂಬಾಬಾಯಿ ಕೊಟ್ಟ ಚಹಾ ಕುಡಿದು, ಬಂದ ಮಾತನ್ನು ಮೆಲ್ಲಗೆ ಹೊರಗೆ ಬಿಟ್ಟರು.

“ಮಾನಪತ್ರ ನಿಮ್ಮ ಅಕ್ಷರದಾಗ ಆಗ್ಬೇಕ್ರಿ ಮಾಸ್ತರ. ಹಳೇದೆಲ್ಲ ಮರತು ಬಿಡ್ರಿ. ಪಂತರ ಮನಸಿನ್ಯಾಗ ಏನೂ ಇಲ್ಲ.”

“ಅವರ ಮನಸಿನ್ಯಾಗ ಏನೂ ಇಲ್ಲ ಅಂತ ನನಗೂ ಗೊತ್ತದ,” ಅಂದರು ಮಾಸ್ತರರು. ಎದ್ದು ಒಳಗೆ ಹೋಗಿ ಒಂದು ಸುರುಳಿ ತಂದು ಅವರ ಮುಂದೆ ಬಿಚ್ಚಿದರು. ಕೇಸು ಮುಗಿದ ಮೇಲೆ ಕೋರ್ಟು ತಿರುಗಿ ಕೊಟ್ಟ ಅದೇ ಕಾಗದ. ನಡುವೆ ದಪ್ಪ ಹನಿ, ಒಂದು ಕಡೆ ಬಿಳಿ, ಒಂದು ಕಡೆ ನೀಲಿ.

“ಹೊಸಾದು ಯಾಕ ಬರಸ್ತೀರಿ? ಇದನ್ನೇ ಒಯ್ರಿ. ರಾವ್ ಸಾಹೇಬ ಅನ್ನೂದೊಂದು ಕೆರದು ತಗೀರಿ, ಉಳಿದದ್ದೆಲ್ಲ ಇವತ್ತಿಗೂ ನಡೀತದ. ಮಸಿ ಪರೀಕ್ಷಾನೂ ಆಗೇದ, ಅವರ ಕೈಲೇ.”

ಸಮಿತಿಯವರು ಬಟ್ಟಲು ಕೆಳಗಿಟ್ಟು ಟೊಪ್ಪಿಗೆ ಹುಡುಕಿದರು. ಒಬ್ಬ ಬಾಗಿಲ ತನಕ ಹೋಗಿ ತಿರುಗಿ ನಿಂತು, “ಯಾವುದೋ ಒಬ್ಬ ಬಣ್ಣದವನ ಸಲುವಾಗಿ ಇಷ್ಟು ಹಟ ಛಲೋ ಅಲ್ರಿ,” ಅಂದ.

“ಯಾವುದೋ ಒಬ್ಬ ಅಲ್ಲ, ಫಕೀರಪ್ಪ,” ಅಂದರು ಮಾಸ್ತರರು. ದನಿ ಏರಿತ್ತು. ಓಣಿಯವರು ಕಿಟಕಿಗೆ ಬಂದರು. “ಬರಕೋರಿ. ಗರಗದ ಫಕೀರಪ್ಪ. ಮಸಿ ಇಲ್ಲದಿದ್ರ ಒಳಗ ಅದ, ಕೊಡ್ತೇನಿ.”

ಅವರು ಬರೆದುಕೊಳ್ಳಲಿಲ್ಲ. ಮಾನಪತ್ರವನ್ನು ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದರು.